ದೊಡ್ಡಗದ್ದವಳ್ಳಿಯ ಬೇತಾಳಗಳು

ಇವತ್ತು ಬೇಲೂರಿಗೆ ಹೊರಟವರು ಸುಮ್ನೆ ದೊಡ್ಡಗದ್ದವಳ್ಳಿ ಕಡೆ ಗಾಡಿ ತಿರುಗಿಸಿದೆವು.

ಕೆರೆ ಪಕ್ಕ ಲಕ್ಷ್ಮೀದೇವಿ ಗುಡಿ. ಒಳಗೆ ಕತ್ತಲು. ಕಾಳಿ ಗುಡಿಯ ಬಾಗಿಲ ಹತ್ತಿರ ಮೊಬೈಲ್ ಟಾರ್ಚ್ ಹಾಕಿದರೆ ಎದುರಿಗೇ ಇಬ್ಬರು ಬೇತಾಳರು! ಆಳೆತ್ತರ, ಬರೀ ಮೂಳೆ. ಪಕ್ಕೆಲುಬು ಒಂದೊಂದೂ ಎಣಿಸಬಹುದು. ಜೊತೆಗಿದ್ದ ಮಗು ಹೆದರಲೇ ಇಲ್ಲ. "ಇವರಿಗೆ ಯಾರೂ ಊಟ ಕೊಡಲ್ವಾ?" ಅಂತು.

ಹೊಯ್ಸಳರ ಕಲ್ಲು ಅಂದರೆ ನಮಗೆ ಒಡವೆ ಹೇರಿಕೊಂಡ ಮದನಿಕೆಯರೇ ನೆನಪಾಗೋದು, ಅಲ್ವಾ? ಅದೇ ಬಳಪದ ಕಲ್ಲಿನಲ್ಲಿ ಇಲ್ಲೊಬ್ಬ ಹಸಿವನ್ನೇ ಕೆತ್ತಿಟ್ಟಿದ್ದಾನೆ. ನನಗಂತೂ ಇದೇ ಜಾಸ್ತಿ ಹಿಡಿಸಿತು.

ಗುಡಿ ಕಟ್ಟಿಸಿದ್ದು ರಾಜನಲ್ಲ. ವಿಷ್ಣುವರ್ಧನನ ಕಾಲದಲ್ಲಿ ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ಸುಮಾರು 1113ರ ಮಾತು. ಬೇಲೂರಿನ ಚೆನ್ನಕೇಶವ ಬಂದಿದ್ದು 1117ರಲ್ಲಿ, ಅಂದರೆ ಇವಳೇ ಹಿರಿಯಳು!

ಒಂದೇ ಗುಡಿಗೆ ನಾಲ್ಕು ಗರ್ಭಗುಡಿ. ಲಕ್ಷ್ಮಿ, ಕಾಳಿ, ಶಿವ ಒಂದೇ ಸೂರಿನಡಿ. ವಿಷ್ಣುವಿಗೂ ಜಾಗ ಇತ್ತು, ಈಗ ಅಲ್ಲಿ ಭೈರವ ಕೂತಿದ್ದಾನೆ. ಗಂಡ ಹೆಂಡತಿ ಏನು ಮಾತಾಡಿಕೊಂಡು ಇಷ್ಟು ಜನರನ್ನ ಒಟ್ಟಿಗೆ ಕೂರಿಸಿದರೋ! ಸಂಪತ್ತಿನ ದೇವಿಯ ಮನೆಯೊಳಗೆ ಮೂಳೆಚಕ್ಕಳದ ಕಾವಲುಗಾರರು. ವ್ಯಾಪಾರಿಗಳಿಗೆ ಲಾಭ ನಷ್ಟ ಎರಡೂ ಗೊತ್ತಿತ್ತು ಅನಿಸುತ್ತೆ.

ಹಾಸನದಿಂದ ಬೇಲೂರಿಗೆ ಹೋಗೋರು ಒಮ್ಮೆ ಇಳಿದು ನೋಡಿ. ಮಕ್ಕಳನ್ನ ಕರ್ಕೊಂಡು ಹೋಗಿ, ಹೆದರಲ್ಲ.