‘ವಂಶದಲ್ಲೇ ಇದೆ, ಪಥ್ಯ ಮಾಡಿ ಏನು ಪ್ರಯೋಜನ?’

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಶುಶ್ರೂಷಕಿಯಾಗಿ ದುಡಿಯುವ ನನ್ನನ್ನು ಜನ ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಕೇಳುವುದು ಒಂದೇ ಪ್ರಶ್ನೆ. “ಸಿಸ್ಟರ್, ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ದೊಡ್ಡಪ್ಪನಿಗೂ ಇತ್ತು. ನನಗೂ ಬಂದೇ ಬರುತ್ತದೆ. ಇನ್ನು ಪಥ್ಯ ಮಾಡಿ ಏನು ಪ್ರಯೋಜನ?” ಕೇಳುವವರ ದನಿಯಲ್ಲಿ ಭಯಕ್ಕಿಂತ ಕೈಚೆಲ್ಲಿದ ಭಾವವೇ ಹೆಚ್ಚು. ಬಂದೇ ಬರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಏಕೆ ಎಂದು ಇಲ್ಲಿ ಬಿಡಿಸಿ ಹೇಳುತ್ತೇನೆ.

ವಂಶವಾಹಿಯ ಹಿಡಿತ ನಿಜಕ್ಕೂ ಬಿಗಿಯಾಗಿರುವ ಕಾಯಿಲೆಗಳಿವೆ. ನಮ್ಮ ಮಲೆನಾಡಿನಲ್ಲೇ ಉದಾಹರಣೆ ಇದೆ. 1970ರ ದಶಕದಲ್ಲಿ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲುಗಳ ಕೀಲು ಸವೆದು ಜನ ನಡೆಯಲಾರದೆ ಹೋಗುವ ಕಾಯಿಲೆ ಬೆಳಕಿಗೆ ಬಂತು. ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಅದು ಕಂಡಿತು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವಿರಬೇಕೆಂದು ಮೊದಲು ಶಂಕಿಸಿದರು. ಆಮೇಲೆ ಕುಟುಂಬಗಳ ವಂಶವೃಕ್ಷ ಬರೆದು ನೋಡಿದಾಗ ಅದು ತಂದೆ ಅಥವಾ ತಾಯಿಯಿಂದ ನೇರವಾಗಿ ಇಳಿಯುವುದು ಗೊತ್ತಾಯಿತು. ಇಬ್ಬರಲ್ಲಿ ಒಬ್ಬರಿಗಿದ್ದರೂ ಹುಟ್ಟುವ ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ. ಅಂಥ ಕಾಯಿಲೆಯನ್ನು ಪಥ್ಯ ತಡೆಯಲಾರದು. ಅಲ್ಲಿ ನೋವು ಇಳಿಸುವುದು, ಓಡಾಟಕ್ಕೆ ಆಸರೆ ಕೊಡುವುದು, ಸಿಗಬೇಕಾದ ಮಾಸಾಶನ ಸಿಗುವಂತೆ ನೋಡಿಕೊಳ್ಳುವುದೇ ಶುಶ್ರೂಷೆ.

ನಮ್ಮ ಮನೆಮನೆಯ ಸಕ್ಕರೆ ಕಾಯಿಲೆಯ ದಾರಿ ಬೇರೆ. ಅದರ ಹಿಂದೆ ಇರುವುದು ಒಂದು ವಂಶವಾಹಿಯಲ್ಲ, ನೂರಾರು. ಒಂದೊಂದೂ ಸಣ್ಣದಾಗಿ ತಳ್ಳುತ್ತದೆ. ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಜೀವಮಾನದಲ್ಲಿ ಬರುವ ಸಾಧ್ಯತೆ ಸುಮಾರು ಶೇ. 40, ಇಬ್ಬರಿಗೂ ಇದ್ದರೆ ಸುಮಾರು ಶೇ. 70 ಎಂದು ಹೇಳುತ್ತಾರೆ. ಇದು ಸಣ್ಣ ಅಪಾಯವಲ್ಲ, ನಿಜ. ಆದರೆ ಅಪ್ಪನಿಗೆ ಅರವತ್ತರಲ್ಲಿ ಬಂದ ಕಾಯಿಲೆ ಮಗನಿಗೆ ನಲವತ್ತಕ್ಕೆ ಮೊದಲೇ ಬರುವುದನ್ನು ನಾನು ಕಾಣುತ್ತಿದ್ದೇನೆ. ಒಂದೇ ತಲೆಮಾರಿನಲ್ಲಿ ವಂಶವಾಹಿಗಳು ಹಾಗೆ ಬದಲಾಗುವುದಿಲ್ಲ. ಅಪ್ಪ ತೋಟದ ಏರನ್ನು ದಿನವೂ ಹತ್ತಿ ಇಳಿಯುತ್ತಿದ್ದರು, ಮಗ ಬೈಕಿನಲ್ಲಿ ಹೋಗಿ ಆಳುಗಳನ್ನು ನೋಡಿ ಬರುತ್ತಾನೆ.

ಪಥ್ಯದ ಫಲವನ್ನು ನಮ್ಮ ದೇಶದಲ್ಲೇ ಅಳೆದು ನೋಡಿದ್ದಾರೆ. ಚೆನ್ನೈನ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಗುಂಪುಗಳಾಗಿ ವಿಂಗಡಿಸಿದರು. ಸಾಮಾನ್ಯ ಸಲಹೆಯಷ್ಟೇ ಸಿಕ್ಕ ಗುಂಪಿನಲ್ಲಿ ಮೂರು ವರ್ಷದೊಳಗೆ ಶೇ. 55 ಮಂದಿ ಕಾಯಿಲೆಗೆ ಬಿದ್ದರು. ಊಟ ತಿದ್ದಿಕೊಂಡು ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆದವರಲ್ಲಿ ಅದು ಸುಮಾರು ಶೇ. 39ಕ್ಕೆ ಇಳಿಯಿತು. ‘ಏನು ಪ್ರಯೋಜನ’ ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದೇ ಈ ಎರಡು ಅಂಕಿಗಳನ್ನು.

ಇನ್ನು ಊಟ ತಿದ್ದುವುದು ಹೇಗೆ? ಚೀಟಿಯಲ್ಲಿ ‘ಓಟ್ಸ್, ಸಲಾಡ್’ ಎಂದು ಬರೆದುಕೊಟ್ಟರೆ ಅರಸೀಕೆರೆ ಕಡೆಯ ಅಜ್ಜಿ ಅದನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಹೋಗಿ ಎಂದಿನ ಊಟವನ್ನೇ ಮಾಡುತ್ತಾರೆ. ಇದರಲ್ಲಿ ಅಜ್ಜಿಯ ತಪ್ಪೇನೂ ಇಲ್ಲ. ಮಾನವಶಾಸ್ತ್ರವನ್ನೂ ಓದಿದ್ದ ಅಮೆರಿಕದ ಶುಶ್ರೂಷಕಿ ಮ್ಯಾಡಲೀನ್ ಲೈನಿಂಜರ್ ಕಳೆದ ಶತಮಾನದಲ್ಲೇ ಇದಕ್ಕೆ ದಾರಿ ತೋರಿಸಿದ್ದರು. ರೋಗಿಯ ರೂಢಿಯಲ್ಲಿ ಒಳ್ಳೆಯದನ್ನು ಹಾಗೆಯೇ ಉಳಿಸಬೇಕು, ಕೆಲವನ್ನು ಮಾತಾಡಿ ಹೊಂದಿಸಬೇಕು, ಹಾನಿ ಮಾಡುವುದನ್ನು ಮಾತ್ರ ರೋಗಿಯ ಜೊತೆ ಕೂತು ಬದಲಿಸಬೇಕು ಎಂಬುದು ಅವರ ಮಾತಿನ ತಿರುಳು. ಹುರುಳಿ ಬಸ್ಸಾರು, ಸೊಪ್ಪಿನ ಪಲ್ಯ, ಅವರೆಕಾಳನ್ನು ಯಾರೂ ಬಿಡಬೇಕಾಗಿಲ್ಲ. ಮುದ್ದೆಯನ್ನೂ ಬಿಡಿಸುವುದಿಲ್ಲ, ಗಾತ್ರ ಇಳಿಸುತ್ತೇನೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಚೆನ್ನಾಗಿದೆ. ಆದರೆ ಅದರ ಹೆಚ್ಚಿನ ಪಾಲು ಪಿಷ್ಟವೇ. ‘ಮುದ್ದೆಯಿಂದ ಸಕ್ಕರೆ ಏರುವುದಿಲ್ಲ’ ಎಂದುಕೊಂಡು ಎರಡು ದೊಡ್ಡ ಮುದ್ದೆ ಉಣ್ಣುವವರ ರಕ್ತ ಪರೀಕ್ಷೆ ಬೇರೆಯದನ್ನೇ ಹೇಳುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಇದೇ ಮಾತನ್ನು ಅಕ್ಕಿರೊಟ್ಟಿ, ಕಡುಬಿನ ಬಗ್ಗೆ ಆಡಬೇಕಾಗುತ್ತದೆ. ಬದಲಿಸಲೇಬೇಕಾದದ್ದು ಬೆಲ್ಲದ ಕಾಫಿ. ಬೆಲ್ಲ ಸಕ್ಕರೆಯಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ, ದೇಹಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ.

ಈ ಮಾತುಗಳನ್ನು ರೋಗಿಗೆ ಮಾತ್ರ ಹೇಳಿದರೆ ಸಾಲದು. ಒಲೆಯ ಮುಂದೆ ನಿಲ್ಲುವವರು ಸೊಸೆಯೋ ಹೆಂಡತಿಯೋ ಆಗಿರುತ್ತಾರೆ. ಕಾಯಿಲೆ ಮನೆಯ ಹೆಂಗಸಿಗೇ ಬಂದಾಗಂತೂ ಸಂಕಟ ಹೆಚ್ಚು. ಅವಳ ಪಥ್ಯಕ್ಕಾಗಿ ಬೇರೆ ಅಡುಗೆ ಆಗುವ ಮನೆಗಳು ಕಡಿಮೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಹೊತ್ತು ಮೀರಿ ತಿನ್ನುವವಳಿಗೆ ‘ಹೊತ್ತಿಗೆ ಸರಿಯಾಗಿ ಊಟ ಮಾಡಿ’ ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಗಂಡನನ್ನೂ ಅತ್ತೆಯನ್ನೂ ಕರೆಸಿ ಕೂರಿಸಿಕೊಂಡು ಮಾತಾಡುತ್ತೇನೆ.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಮನೆಯಲ್ಲಿ ಹೆಣ್ಣು ನೋಡುವ, ಗಂಡು ನೋಡುವ ಮಾತು ನಡೆದಿದ್ದರೆ ಕುಟುಂಬದ ಕಾಯಿಲೆಗಳೆಲ್ಲ ಮಾಯವಾಗುತ್ತವೆ. ನೆಂಟರ ಎದುರು ‘ನಮ್ಮಲ್ಲಿ ಯಾರಿಗೂ ಏನೂ ಇಲ್ಲ’ ಎನ್ನುತ್ತಾರೆ. ಅದಕ್ಕೇ ನಾನು ಈ ಪ್ರಶ್ನೆಯನ್ನು ಒಬ್ಬೊಬ್ಬರನ್ನೇ ಕರೆದು ಕೇಳುತ್ತೇನೆ, ಹೇಳಿದ್ದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅಜ್ಜ ಅಜ್ಜಿಯಿಂದ ಹಿಡಿದು ಮೂರು ತಲೆಮಾರಿನಲ್ಲಿ ಯಾರಿಗೆ ಯಾವ ವಯಸ್ಸಿಗೆ ಏನು ಬಂತು ಎಂಬುದು ಒಂದು ಹಾಳೆಯಲ್ಲಿ ಬಂದರೆ, ಯಾರನ್ನು ಬೇಗ ಪರೀಕ್ಷಿಸಬೇಕೆಂಬುದು ಅಲ್ಲೇ ಕಾಣುತ್ತದೆ.

ಈಗಾಗಲೇ ಕಾಯಿಲೆ ಇರುವವರು ವಂಶದ ಮೇಲೆ ಭಾರ ಹಾಕಿ ಮಾತ್ರೆ ಬಿಡಬೇಡಿ. ಒಂದು ದಿನದ ಪರೀಕ್ಷೆ ಸರಿ ಬಂತೆಂದೂ ಬಿಡಬೇಡಿ. ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಪಾದದ ಸ್ಪರ್ಶ ಮಂದವಾದವರು ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕಾಲು ಕಾಯಿಸಿಕೊಳ್ಳಬಾರದು, ಸುಟ್ಟರೂ ಅರಿವಾಗುವುದಿಲ್ಲ. ತೋಟದಿಂದ ಬಂದೊಡನೆ ಇಂಬಳ ಕಚ್ಚಿದ ಗಾಯವಿದೆಯೇ ಎಂದು ಬೆರಳಿನ ಸಂದುಗಳನ್ನು ನೋಡಿಕೊಳ್ಳಿ.

ಮನೆಯಲ್ಲಿ ಕಾಯಿಲೆಯಿದ್ದು ನಿಮಗೆ ಇನ್ನೂ ಬಂದಿಲ್ಲವಾದರೆ, ಮೂವತ್ತು ದಾಟಿದ ಕೂಡಲೇ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು ಬಂದು, ಮರುಪರೀಕ್ಷೆಯಲ್ಲೂ ಹಾಗೇ ಇದ್ದರೆ ಅದು ಕಾಯಿಲೆ. 100ರಿಂದ 125ರೊಳಗಿದ್ದರೆ ನೀವಿನ್ನೂ ಅಂಚಿನಲ್ಲಿದ್ದೀರಿ, ಚೆನ್ನೈನ ಆ 531 ಜನರ ಹಾಗೆ. ಬಸಿರಿನಲ್ಲಿ ಸಕ್ಕರೆ ಏರಿ ಹೆರಿಗೆಯ ನಂತರ ಸರಿಹೋದ ತಾಯಂದಿರು ಮೂವತ್ತಕ್ಕೆ ಕಾಯಬೇಡಿ. ಬಾಣಂತನ ಮುಗಿಯುವ ಹೊತ್ತಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆಗೆ ಬನ್ನಿ.