ಸೈಟು ಮೊದಲೋ, ನಕ್ಷೆ ಮೊದಲೋ?

ಸಣ್ಣ ಮನೆಯಿಂದ ದೊಡ್ಡ ಮನೆಗೆ ಬಂದು ನೆಲೆಯಾದ ಮೇಲೆ ನನಗೊಂದು ಹೊಸ ಉದ್ಯೋಗ ಸಿಕ್ಕಿದೆ. ಸಂಬಳವಿಲ್ಲ. ಮನೆ ಬದಲಿಸಲು ಹೊರಟ ಬಂಧುಗಳು, ಸ್ನೇಹಿತರು, ಆ ಸ್ನೇಹಿತರ ಸ್ನೇಹಿತರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಈಗಿನ ಮನೆ ಸಾಲುತ್ತಿಲ್ಲ. ಮೊದಲು ಸೈಟು ನೋಡಬೇಕೋ, ನಕ್ಷೆ ಬರೆಸಬೇಕೋ? ಒಂದೇ ಅಂತಸ್ತು ಸಾಕೋ, ಎರಡು ಬೇಕೋ?" ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳಿ ಸಾಕಾಗಿದೆ. ಇಲ್ಲಿ ಒಟ್ಟಿಗೆ ಬರೆದುಬಿಡುತ್ತೇನೆ.

ಎರಡೂ ಮೊದಲಲ್ಲ ಎಂಬುದು ನನ್ನ ಉತ್ತರ. ಈಗಿನ ಮನೆಯಲ್ಲಿ ಸಾಲದಿರುವುದು ಏನು ಎಂದು ಮೊದಲು ಗೊತ್ತಾಗಬೇಕು. ಆಮೇಲೆ ಸೈಟು. ಅದರ ಮೇಲೆ ಎಂಥ ಮನೆ ಏಳಬೇಕು ಎಂಬುದನ್ನು ಮುಕ್ಕಾಲು ಪಾಲು ಸೈಟೇ ಹೇಳಿಬಿಡುತ್ತದೆ.

"ಜಾಗ ಸಾಲದು" ಎನ್ನುವುದು ವೈದ್ಯರ ಮುಂದೆ ಕುಳಿತು "ಮೈ ಸರಿಯಿಲ್ಲ" ಎಂದಂತೆ. ನಾವು ಐವರು ಎರಡು ಕೋಣೆಗಳಲ್ಲಿ ಒದ್ದಾಡುತ್ತಿದ್ದಾಗ ಬರೆಸಿದ ಮೊದಲ ನಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕುಳಿತದ್ದು ಹಜಾರ. ಯಾಕೆಂದು ಕೇಳಿದರೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಮನೆ ಎಂದರೆ ದೊಡ್ಡ ಹಜಾರ, ಅಷ್ಟೇ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆವು. ಯಾರಿಗೆ ಯಾವಾಗ ರೇಗಿದರೂ ಅದರಲ್ಲಿ ಹೊತ್ತನ್ನೂ ಜಾಗವನ್ನೂ ಬರೆಯಬೇಕು. ಒಂದು ವಾರದ ಮೇಲೆ ನೋಡಿದರೆ ಹಜಾರದ ಹೆಸರು ಎರಡೇ ಸಲ ಬಂದಿತ್ತು. ಉಳಿದ ಜಗಳವೆಲ್ಲ ಬೆಳಿಗ್ಗೆ ಏಳರಿಂದ ಎಂಟರವರೆಗೆ ಬಚ್ಚಲುಮನೆಯ ಮುಂದೆ. ಇಲ್ಲವೇ ರಾತ್ರಿ ಒಬ್ಬರು ಓದುತ್ತಿದ್ದಾಗ ಇನ್ನೊಬ್ಬರು ಟಿವಿ ಹಾಕಿದ್ದಕ್ಕೆ. ನಮ್ಮ ಮನೆಯಲ್ಲಿ ಕೊರತೆಯಿದ್ದದ್ದು ಬಾಗಿಲುಗಳದು. ಹಜಾರದ ಮೂರನೆಯ ಒಂದು ಭಾಗವನ್ನು ನಕ್ಷೆಯಿಂದ ಅಳಿಸಿ ಅದನ್ನು ಇನ್ನೊಂದು ಬಚ್ಚಲುಮನೆಗೂ ಒಂದು ಪುಟ್ಟ ಓದುವ ಕೋಣೆಗೂ ಕೊಟ್ಟೆವು.

ಇನ್ನು ಸೈಟು. ಎಲ್ಲರೂ ಅದನ್ನು ಒಣಗಿದ ದಿನ, ಬಿಡುವಿನ ದಿನ ನೋಡುತ್ತಾರೆ. ನಾವು ಮೊದಲು ಮೆಚ್ಚಿದ ಸೈಟನ್ನು ಹಾಗೆಯೇ ಮೂರು ಸಲ ನೋಡಿ ಬಂದಿದ್ದೆವು. ಸಮತಟ್ಟು, ಮೂಲೆಗಳೆಲ್ಲ ನೇರ, ದರವೂ ಸುತ್ತಲಿನದಕ್ಕಿಂತ ಕಡಿಮೆ. ದರ ಯಾಕೆ ಕಡಿಮೆಯೆಂದು ಪಕ್ಕದ ಮನೆಯ ಹಿರಿಯರು ಕಾಂಪೌಂಡಿನ ಆಚೆಯಿಂದಲೇ ತಿಳಿಸಿದರು: "ಮಳೆ ಹೊಯ್ದ ಮರುದಿನ ಒಮ್ಮೆ ಬನ್ನಿ." ಹೋದೆವು. ನಡುವೆ ಹಿಮ್ಮಡಿ ಮುಳುಗುವಷ್ಟು ನೀರು. ನಮಗಿಂತ ಮೊದಲೇ ಕಪ್ಪೆಗಳು ವಾಸಕ್ಕೆ ಬಂದಾಗಿತ್ತು. ಹಳೆಯ ಹೊಂಡಕ್ಕೆ ಮಣ್ಣು ತುಂಬಿ ಮಟ್ಟ ಮಾಡಿದ ಜಾಗವಂತೆ.

ಭರ್ತಿ ಮಾಡಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಇಡೀ ಮನೆ ಸಮನಾಗಿ ಒಂದಂಗುಲ ಕೆಳಗಿಳಿದರೆ ಅಂಥ ಅಪಾಯವೇನಿಲ್ಲ. ಒಂದು ಮೂಲೆ ಇಳಿದು ಇನ್ನೊಂದು ಅಲ್ಲೇ ನಿಂತರೆ ಗೋಡೆ ಸೀಳುತ್ತದೆ. ಜೇಡಿಮಣ್ಣಿನದು ಬೇರೆ ತಕರಾರು. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಪ್ರತಿ ವರ್ಷವೂ ತಳಪಾಯವನ್ನು ಎತ್ತಿ ಇಳಿಸುತ್ತದೆ. ಇದನ್ನು ಪತ್ತೆ ಹಚ್ಚಲು ಮಣ್ಣಿನ ಶಾಸ್ತ್ರ ಓದಬೇಕಿಲ್ಲ. ಅಕ್ಕಪಕ್ಕದ ಮನೆಗಳ ಕಿಟಕಿ ಮೂಲೆಗಳನ್ನು ನೋಡಿ. ಅಲ್ಲಿಂದ ಓರೆಯಾಗಿ ಮೇಲಕ್ಕೋ ಕೆಳಕ್ಕೋ ಹೊರಟ ಬಿರುಕು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡರೆ ಮುಂಗಡ ಕೊಡುವ ಮೊದಲು ಎರಡು ಮೂರು ಕಡೆ ಗುಂಡಿ ತೆಗೆಸಿ ಎಂಜಿನಿಯರಿಗೆ ತೋರಿಸಿ. ಬಿರುಕು ಕಾಣದಿದ್ದರೂ ತೋರಿಸುವುದೇ ಒಳ್ಳೆಯದು. ಜೊತೆಗೆ, ಮನೆಯ ಗೋಡೆಯಿಂದ ಹೊರಕ್ಕೆ ಮೊದಲ ಹತ್ತು ಅಡಿಯಲ್ಲಿ ನೆಲ ಆರಂಗುಲ ಇಳಿಯುವಂತಿರಬೇಕು ಎಂಬುದು ಕಟ್ಟುವವರ ಸಾಮಾನ್ಯ ಲೆಕ್ಕ. ಹಾಗೆ ಹರಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ. ಸೈಟು ರಸ್ತೆಗಿಂತ ತಗ್ಗಿನಲ್ಲಿದ್ದರೆ ಇನ್ನೂ ಎಚ್ಚರ ಬೇಕು: ಹಳೆಯ ಪದರ ಕೀಳದೆ ಡಾಂಬರು ಹಾಕಿದಂತೆಲ್ಲ ರಸ್ತೆ ಮೇಲೇಳುತ್ತದೆ, ಮನೆ ಇದ್ದಲ್ಲೇ ಇರುತ್ತದೆ.

ಎರಡನೆಯದಾಗಿ ಅಗಲ. ಜನ ವಿಸ್ತೀರ್ಣ ಕೇಳುತ್ತಾರೆ, ಅಗಲ ಕೇಳುವುದಿಲ್ಲ. 40×60 ಅಡಿಯ ಸೈಟೂ 30×80 ಅಡಿಯ ಸೈಟೂ ಕಾಗದದ ಮೇಲೆ ಒಂದೇ, 2,400 ಚದರ ಅಡಿ. ಸುತ್ತ ಐದೈದು ಅಡಿ ಬಿಡಬೇಕೆಂದುಕೊಳ್ಳಿ. ಮೊದಲನೆಯದರಲ್ಲಿ 30×50, ಅಂದರೆ 1,500 ಚದರ ಅಡಿ ಉಳಿಯುತ್ತದೆ; ಎರಡನೆಯದರಲ್ಲಿ 20×70, ಅಂದರೆ 1,400. ಹೊರಗೋಡೆಯ ಉದ್ದ ಮಾತ್ರ ಮೊದಲನೆಯದಕ್ಕೆ 160 ಅಡಿ, ಎರಡನೆಯದಕ್ಕೆ 180. ಕಡಿಮೆ ಮನೆಗೆ ಹೆಚ್ಚು ಗೋಡೆ! ಅಷ್ಟಕ್ಕೇ ಮುಗಿಯಲಿಲ್ಲ. ಇಪ್ಪತ್ತು ಅಡಿ ಅಗಲದಲ್ಲಿ ಗೋಡೆಗಳ ದಪ್ಪವನ್ನೂ ಮೂರೂವರೆ ಅಡಿಯ ಓಣಿಯನ್ನೂ ಕಳೆದರೆ ಅಕ್ಕಪಕ್ಕ ಎರಡು ಒಳ್ಳೆಯ ಕೋಣೆ ಕೂರುವುದಿಲ್ಲ. ರೈಲು ಡಬ್ಬಿಗಳಂತೆ ಒಂದರ ಹಿಂದೆ ಒಂದು ಜೋಡಿಸಬೇಕು. ಹಿಂದಿನ ಕೋಣೆಗೆ ಹೋಗಲು ನಲವತ್ತು ಅಡಿ ಓಣಿ ಬೇಕಾದರೆ ಅದೇ 140 ಚದರ ಅಡಿ ತಿನ್ನುತ್ತದೆ, ಹೆಚ್ಚುಕಡಿಮೆ ಒಂದು ಮಲಗುವ ಕೋಣೆಯಷ್ಟು. ನಡೆಯುವುದಕ್ಕೆಂದೇ ಒಂದು ಕೋಣೆ ಕಟ್ಟಿದಂತಾಯಿತು.

ಪಕ್ಕದ ಮನೆಗಳೊಂದಿಗೆ ಗೋಡೆ ಹಂಚಿಕೊಳ್ಳುವ ಸಾಲುಮನೆಯಾದರೆ ಇದಕ್ಕೆ ಬೆಳಕಿನ ಲೆಕ್ಕವೂ ಸೇರುತ್ತದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಸುಮಾರು ಎರಡರಿಂದ ಎರಡೂವರೆ ಪಟ್ಟು ಒಳಕ್ಕೆ ಮಾತ್ರ ಕೆಲಸಕ್ಕೆ ಬರುವ ಹಗಲು ಬೆಳಕು ತಲುಪುತ್ತದೆ. ಏಳಡಿಯ ಎತ್ತರಕ್ಕೆ ಹದಿನೈದು ಹದಿನೇಳು ಅಡಿ. ಮುಂದಿನಿಂದ ಅಷ್ಟು, ಹಿಂದಿನಿಂದ ಅಷ್ಟು. ನಡುವೆ ಉಳಿದ ಭಾಗಕ್ಕೆ ಆಕಾಶಕ್ಕೆ ತೆರೆದ ತೊಟ್ಟಿಯೋ ತಾರಸಿಯ ಗಾಜೋ ಇಲ್ಲದಿದ್ದರೆ ಮಧ್ಯಾಹ್ನವೂ ದೀಪ ಬೇಕು.

ಕೊನೆಗೆ ನಾವು ಕೊಂಡದ್ದು ಎಲ್ಲರೂ ಬೇಡವೆಂದು ಬಿಟ್ಟಿದ್ದ ಇಳಿಜಾರಿನ ಸೈಟು. ರಸ್ತೆಯಿಂದ ಹಿಂದಕ್ಕೆ ಹೋಗುವಷ್ಟರಲ್ಲಿ ನೆಲ ಐದಡಿ ಏರುತ್ತಿತ್ತು. ನೋಡಿದವರೆಲ್ಲ ಹೇಳಿದ್ದು, ಹಿಂದಿನದನ್ನು ಕಡಿದು ಮುಂದಕ್ಕೆ ಹಾಕಿ ಮಟ್ಟ ಮಾಡಿಸಿ ಎಂದು. ಹಾಗೆ ಮಾಡಿದರೆ ಅರ್ಧ ಮನೆ ಗಟ್ಟಿ ನೆಲದ ಮೇಲೆ, ಇನ್ನರ್ಧ ಭರ್ತಿ ಮಣ್ಣಿನ ಮೇಲೆ. ಹೊಂಡದ ಸೈಟು ಬಿಟ್ಟು ಬಂದದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಬದಲಿಗೆ ನೆಲ ಹೇಳಿದಂತೆ ಮನೆಯನ್ನೇ ಎರಡು ಮಟ್ಟದಲ್ಲಿ ಕಟ್ಟಿದೆವು. ಮುಂದೆ ಹಜಾರ, ಅಡುಗೆಮನೆ, ಅಮ್ಮನ ಕೋಣೆ. ನಾಲ್ಕು ಮೆಟ್ಟಿಲು ಹತ್ತಿದರೆ ಹಿಂದೆ ನಮ್ಮ ಕೋಣೆಗಳು. ಮೇಲಿನಿಂದ ಹರಿದು ಬರುವ ನೀರನ್ನು ಮನೆಯ ಹಿಂದೆಯೇ ಹಿಡಿದು ಪಕ್ಕಕ್ಕೆ ಸಾಗಿಸಲು ಒಂದು ಚರಂಡಿ. ಆ ನಾಲ್ಕು ಮೆಟ್ಟಿಲೇ ಟಿವಿಯನ್ನೂ ಓದುವವರನ್ನೂ ಬೇರ್ಪಡಿಸಿತು. ಸಮತಟ್ಟು ಸೈಟಿನಲ್ಲಿ ಇದು ನಮಗೆ ಹೊಳೆಯುತ್ತಿರಲಿಲ್ಲ.

ಒಂದಂತಸ್ತೋ ಎರಡೋ ಎಂಬ ಪ್ರಶ್ನೆಗೆ ಸೈಟು ಚಿಕ್ಕದಾದರೆ ಉತ್ತರ ತಾನಾಗಿ ಬರುತ್ತದೆ. 1,500 ಚದರ ಅಡಿಯನ್ನು ಎರಡು ಅಂತಸ್ತಿಗೆ ಹಂಚಿದರೆ ತಾರಸಿಯೂ ತಳಪಾಯ ಹರಡುವ ನೆಲವೂ ಅರ್ಧಕ್ಕೆ ಇಳಿಯುತ್ತವೆ, ಅಂಗಳ ಉಳಿಯುತ್ತದೆ. ಆದರೆ ಮೆಟ್ಟಿಲಿನ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತಡಿ ಏರಲು ಏಳಂಗುಲದ ಹದಿನೇಳು ಏರು ಬೇಕು. ಪಾದವಿಡಲು ಹತ್ತಂಗುಲದಂತೆ ಹಿಡಿದರೆ ಹದಿಮೂರಡಿಗೂ ಮಿಕ್ಕಿದ ಉದ್ದ. ಹತ್ತುವ ಇಳಿಯುವ ತುದಿಗಳ ಜಾಗ ಸೇರಿಸಿ, ಎರಡೂ ಅಂತಸ್ತಿನಲ್ಲಿ ಕಳೆದರೆ ನೂರು ಚದರ ಅಡಿಯ ಮೇಲೆ ಹೋಗುತ್ತದೆ. ಇದನ್ನು ಉಳಿಸಲು ಮೆಟ್ಟಿಲನ್ನು ಕಡಿದಾಗಿಸುವವರಿದ್ದಾರೆ, ದಯವಿಟ್ಟು ಬೇಡ. 17ನೇ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲೊಂಡೆಲ್ ಮನುಷ್ಯನ ಹೆಜ್ಜೆಯ ಅಳತೆಯಿಂದ ಒಂದು ಸೂತ್ರ ಕೊಟ್ಟ: ಎರಡು ಏರುಗಳ ಎತ್ತರವನ್ನೂ ಪಾದವಿಡುವ ಜಾಗದ ಅಗಲವನ್ನೂ ಕೂಡಿದರೆ 24 ಅಂಗುಲ. ಏಳು, ಏಳು, ಹತ್ತು. ಮೊಣಕಾಲು ಇನ್ನೂ ಅದೇ ಲೆಕ್ಕದಲ್ಲಿದೆ. ಎರಡಂತಸ್ತು ಕಟ್ಟಿದರೂ ಕೆಳಗೆ ಒಂದು ಮಲಗುವ ಕೋಣೆ, ಅದಕ್ಕೆ ಅಂಟಿಕೊಂಡ ಬಚ್ಚಲುಮನೆ ಇರಲೇಬೇಕು. ಇದರಲ್ಲಿ ನಾನು ಚೌಕಾಸಿಗೆ ಬರುವುದಿಲ್ಲ. ಕಾಲು ಮುರಿದುಕೊಳ್ಳಲು ವಯಸ್ಸಾಗಬೇಕಿಲ್ಲ. (ಮೇಲೊಂದು ಕೋಣೆ ಕಟ್ಟಿಸಿದಂದಿನಿಂದ ನನ್ನ ಕನ್ನಡಕ ಸದಾ ನಾನಿಲ್ಲದ ಅಂತಸ್ತಿನಲ್ಲೇ ಇರುತ್ತದೆ ಎಂಬುದು ಬೇರೆ ಮಾತು.)

ಆ ಮೇಲಿನ ಕೋಣೆಯೇ ನನ್ನ ತಪ್ಪು. ಪಶ್ಚಿಮಕ್ಕೆ ಅಗಲವಾದ ಕಿಟಕಿ ಇಟ್ಟು ಸೂರ್ಯಾಸ್ತ ನೋಡುವ ಕನಸು ಕಂಡಿದ್ದೆ. ನೆತ್ತಿಯ ಮೇಲಿನ ಬಿಸಿಲನ್ನು ಸಜ್ಜಾ ತಡೆಯುತ್ತದೆ. ಸಂಜೆಯ ಓರೆ ಬಿಸಿಲು ಅದರ ಕೆಳಗಿನಿಂದ ನೇರ ಒಳಗೆ ಬರುತ್ತದೆ. ಇಟ್ಟಿಗೆ ಗೋಡೆ ಆ ಕಾವನ್ನು ಗಂಟೆಗಟ್ಟಲೆ ಹಿಡಿದಿಟ್ಟು, ನಾವು ಮಲಗುವ ಹೊತ್ತಿಗೆ ಸರಿಯಾಗಿ ಬಿಡುತ್ತದೆ. ಬೇಸಿಗೆಯಲ್ಲಿ ಅಲ್ಲಿ ಬಟ್ಟೆ ಒಣಗಿಸುತ್ತೇವೆ. ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಪಶ್ಚಿಮಕ್ಕಿದ್ದರೆ ಅವು ಬಿಸಿಲಿಗೆ ಎದೆಯೊಡ್ಡುತ್ತಿದ್ದವು.

ಉಳಿದದ್ದು ಚುಟುಕಾಗಿ. ಸುತ್ತ ಎಷ್ಟು ಬಿಡಬೇಕು, ಎಷ್ಟು ಅಂತಸ್ತು ಏರಿಸಬಹುದು ಎಂಬುದನ್ನು ಮಾರುವವರ ಬಾಯಿಂದ ಕೇಳದೆ ಅನುಮತಿ ಕೊಡುವ ಕಚೇರಿಯಿಂದಲೇ ಕೇಳಿ, ಅದೂ ಕೊಳ್ಳುವ ಮೊದಲು. ಮೂಲೆ ಸೈಟಿಗೆ ಎರಡು ಬದಿಯಿಂದ ಗಾಳಿ ಬೆಳಕು ಬರುತ್ತದೆ, ಎರಡು ಬದಿಯಿಂದ ಸದ್ದೂ ಬರುತ್ತದೆ. ಮನೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಸದ್ದು ತಗ್ಗೀತೆಂದು ನಂಬಬೇಡಿ: ವಾಹನಗಳ ಸಾಲಿನಿಂದ ದೂರ ಇಮ್ಮಡಿಯಾದರೆ ತಗ್ಗುವುದು ಮೂರು ಡೆಸಿಬೆಲ್ ಮಾತ್ರ, ಕಿವಿಗೆ ಅರ್ಧವಾಯಿತೆನ್ನಿಸಲು ಹತ್ತು ಬೇಕು.

ಇಷ್ಟೆಲ್ಲ ಆದ ಮೇಲೂ ಒಂದು ದಿನ ಎಲ್ಲರ ಧೈರ್ಯ ಕುಸಿಯುತ್ತದೆ. ಸೈಟಿನ ಮೇಲೆ ಹಗ್ಗ ಹಿಡಿದು ಸುಣ್ಣದ ಗೆರೆ ಎಳೆದ ದಿನ. ಬಯಲಲ್ಲಿ ಗೋಡೆಗಳಿಲ್ಲದೆ ಕೋಣೆಗಳು ಬೆಂಕಿಪೊಟ್ಟಣದಂತೆ ಕಾಣುತ್ತವೆ. ಹೆದರಿ ನಕ್ಷೆಯನ್ನು ಎರಡೆರಡು ಅಡಿ ಹಿಗ್ಗಿಸಿದವರು ಬಹಳ ಜನ. ಮೊನ್ನೆ ಅಕ್ಕ ಅಲ್ಲಿಂದಲೇ ಫೋನ್ ಮಾಡಿದ್ದಳು: "ಇದರಲ್ಲಿ ಮಂಚವೇ ಹಿಡಿಯುವುದಿಲ್ಲ ಕಣೋ, ನಕ್ಷೆ ಬದಲಿಸುತ್ತೇನೆ." ಈಗಿನ ಮನೆಯ ಕೋಣೆಯನ್ನು ಟೇಪು ಹಿಡಿದು ಅಳೆದಿದ್ದೀಯಾ ಎಂದು ಕೇಳಿದೆ. ಇಲ್ಲವಂತೆ. ಸಂಜೆ ಅಳೆದು ಮತ್ತೆ ಫೋನ್ ಮಾಡಿದಳು. ಗೆರೆಯೊಳಗಿನ ಕೋಣೆ ಒಂದೂವರೆ ಅಡಿ ದೊಡ್ಡದಿತ್ತು.