ದೇವರ ಮೇಲಿನ ದೂರನ್ನು ದೇವರಿಗೇ ಹೇಳಬಹುದೇ?

ಮನೆ ಪ್ರಾರ್ಥನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕಿಕೊಳ್ಳುವ ಹೊತ್ತಿಗೆ ಯಾರಾದರೂ ಒಬ್ಬರು ಹಿಂದೆ ಉಳಿಯುತ್ತಾರೆ. ಹೆಚ್ಚಾಗಿ ಹೆಂಗಸರು, ಒಮ್ಮೊಮ್ಮೆ ಕಾಲೇಜಿಗೆ ಹೋಗುವ ಹುಡುಗರು. ದನಿ ತಗ್ಗಿಸಿ ಕೇಳುವುದು ಒಂದೇ ಪ್ರಶ್ನೆ: “ಅಕ್ಕಾ, ನನಗೆ ದೇವರ ಮೇಲೆಯೇ ಕೋಪ ಬಂದಿದೆ. ಅದನ್ನು ಪ್ರಾರ್ಥನೆಯಲ್ಲಿ ಹೇಳಿದರೆ ಪಾಪವೇ? ಅದು ಅವಿಶ್ವಾಸವಲ್ಲವೇ?” ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಕೇಳಿದ್ದಾರೆ, ಮಂಡ್ಯದ ನೆಂಟರ ಮನೆಗಳಲ್ಲಿ ಕೇಳಿದ್ದಾರೆ, ಶ್ರೀರಂಗಪಟ್ಟಣದಿಂದ ಬರುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತು ಕೇಳಿದವರೂ ಇದ್ದಾರೆ. ಪ್ರತಿ ಸಲವೂ ಅರ್ಧಂಬರ್ಧ ಉತ್ತರ ಕೊಟ್ಟಿದ್ದೇನೆ. ಈಗ ಕೂತು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಹೇಳಬಹುದು. ಹೇಳದೆ ಇರಬಾರದು ಎಂದೇ ನನ್ನ ನಂಬಿಕೆ. ಆದರೆ ಅದು ಯಾಕೆ ಎನ್ನುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು.

ನನ್ನ ತಮ್ಮನ ಎರಡೂ ಮೂತ್ರಪಿಂಡಗಳು ಕೆಟ್ಟವು. ಮೂರು ವರ್ಷ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಆ ಮೂರು ವರ್ಷವೂ ನಮ್ಮ ಚರ್ಚಿನ ಸಭೆಯವರು ಅವನಿಗಾಗಿ ಉಪವಾಸ ಪ್ರಾರ್ಥನೆ ಮಾಡಿದರು, ಸರತಿಯ ಮೇಲೆ ರಾತ್ರಿಯೆಲ್ಲ ಎಚ್ಚರವಿದ್ದರು. ಅವನು 38ನೆಯ ವಯಸ್ಸಿಗೆ ಹೋಗಿಬಿಟ್ಟ. ಹೆಣ ಅಂಗಳಕ್ಕೆ ಬಂದಾಗ ಅವ್ವ ಅವನ ತಲೆಯ ಹತ್ತಿರ ಕೂತು ಹಾಡತೊಡಗಿದಳು. ಅವ್ವ ಹುಟ್ಟಿ ಬೆಳೆದದ್ದು ಮಳವಳ್ಳಿ ಕಡೆಯ ಹಳ್ಳಿಯಲ್ಲಿ. ಆ ಕಡೆಯ ಹೆಂಗಸರು ಸತ್ತವರ ಮುಂದೆ ಬರಿದೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಸತ್ತವರನ್ನೇ ಹೆಸರಿಟ್ಟು ಕರೆದು, ಅವರ ಬಾಳನ್ನು ಮೊದಲಿನಿಂದ ಹೇಳುತ್ತಾ, ಒಂದೊಂದು ಸಾಲಿನ ಕೊನೆಯನ್ನೂ ಎಳೆಯುತ್ತಾ. ಮಗನನ್ನು ಸೊಂಟದ ಮೇಲೆ ಹೊತ್ತು ಆಲೆಮನೆಗೆ ಹೋದದ್ದು, ಬಿಸಿ ಬೆಲ್ಲಕ್ಕೆ ಕೈಚಾಚಿ ಅವನು ಬೆರಳು ಸುಟ್ಟುಕೊಂಡದ್ದು, ಆ ಬೆರಳನ್ನು ತಾನು ಬಾಯಲ್ಲಿಟ್ಟುಕೊಂಡದ್ದು ಎಲ್ಲವನ್ನೂ ಹಾಡಿದಳು. ಆಮೇಲೆ ದನಿ ಮೇಲಕ್ಕೆ ತಿರುಗಿತು. “ಯೇಸಪ್ಪಾ, ಕೇಳಿದಾಗಲೆಲ್ಲ ಹೂಂ ಎಂದೆಯಲ್ಲಾ, ಕೊಡುವ ಹೊತ್ತಿಗೆ ಎಲ್ಲಿ ಹೋದೆ?”

ಇದು ನಮ್ಮವರ ಪದ್ಧತಿಯಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಹಿರಿಯರೊಬ್ಬರು ನನ್ನ ಮುಖ ನೋಡಿದರು. ನಾನು ಹೋಗಿ ಅವ್ವನ ಭುಜ ಹಿಡಿದು ಕಿವಿಯಲ್ಲಿ ಹೇಳಿದೆ: “ಸಾಕು ಅವ್ವಾ, ನಿರೀಕ್ಷೆ ಇಲ್ಲದವರ ಹಾಗೆ ಅಳಬೇಡ.” ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಣ್ಣು ಮಾಡಿ ಬರುವವರೆಗೂ ಹಾಗೆಯೇ ಇದ್ದಳು. ನಾವೆಲ್ಲ ಸೇರಿ ಭರವಸೆಯ ಹಾಡು ಹಾಡಿದೆವು.

ನಾನು ಅವ್ವನ ಬಾಯಿ ಮುಚ್ಚಿಸಲು ಬಳಸಿದ ಮಾತು ಯೇಸುವಿನ ಅಪೊಸ್ತಲನಾದ ಪೌಲನದು, ಬೈಬಲಿನಲ್ಲಿ ಅವನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿದೆ. ಸಾವಿನ ಮನೆಗಳಲ್ಲಿ ಅದನ್ನು ನೂರು ಸಲ ಕೇಳಿದ್ದೆ. ಆದರೆ ಅಳಬೇಡಿ ಎಂದು ಪೌಲನು ಅಲ್ಲಿ ಹೇಳಿಯೇ ಇಲ್ಲ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎನ್ನುತ್ತಾನೆ; ಅಂದರೆ ನಿರೀಕ್ಷೆಯುಳ್ಳವರಿಗೂ ಒಂದು ದುಃಖವಿದೆ. ಅವನಿಗೇ ಅದು ಚೆನ್ನಾಗಿ ಗೊತ್ತಿತ್ತು. ಜೊತೆಗಾರನಾದ ಎಪಫ್ರೊದೀತನು ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿ ಉಳಿದುಕೊಂಡಾಗ, ನನಗೆ ದುಃಖದ ಮೇಲೆ ದುಃಖ ಬಾರದಂತೆ ದೇವರು ಕರುಣಿಸಿದನು ಎಂದು ಫಿಲಿಪ್ಪಿಯವರಿಗೆ ಬರೆದನು. ಅದೇ ಪತ್ರದಲ್ಲಿಯೇ ‘ಯಾವಾಗಲೂ ಸಂತೋಷಿಸಿರಿ’ ಎಂಬ ಮಾತೂ ಇದೆ. ನಾವು ಎರಡನೆಯದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುತ್ತೇವೆ, ಮೊದಲನೆಯದನ್ನು ಓದಿ ದಾಟಿಬಿಡುತ್ತೇವೆ.

ತಮ್ಮ ಹೋದ ಮೇಲೆ ಬಹಳ ದಿನ ನಾನು ಪ್ರಾರ್ಥನೆ ಮಾಡಿದ್ದೆಲ್ಲ ಬಾಯಿಪಾಠ. ಸ್ತೋತ್ರ ಎನ್ನುತ್ತಿದ್ದೆ, ಒಳಗೆ ಏನೂ ಇರಲಿಲ್ಲ. ಸಾಕ್ಷಿ ಹೇಳಲು ಎದ್ದುನಿಂತು ‘ದೇವರ ಚಿತ್ತ’ ಎಂದು ಹೇಳಿ ಕೂತೆ, ಎಲ್ಲರೂ ಆಮೆನ್ ಎಂದರು. ಮಾರನೆಯ ವರ್ಷ ಪ್ರವಾದಿ ಯೆರೆಮೀಯನ ಗ್ರಂಥವನ್ನು ಓದುತ್ತಿದ್ದಾಗ ಒಂಬತ್ತನೆಯ ಅಧ್ಯಾಯಕ್ಕೆ ಬಂದು ನಿಂತುಬಿಟ್ಟೆ. ಊರು ಹಾಳಾಗುವ ಕಾಲ. ಹಾಡಿ ಗೋಳಾಡುವ ಹೆಂಗಸರನ್ನು ಕರೆಸಿರಿ ಎಂದು ದೇವರೇ ಹೇಳುತ್ತಾನೆ. ಅಷ್ಟಕ್ಕೇ ನಿಲ್ಲಿಸುವುದಿಲ್ಲ, ನಿಮ್ಮ ಹೆಣ್ಣುಮಕ್ಕಳಿಗೆ ಆ ಗೋಳಾಟವನ್ನು ಕಲಿಸಿರಿ, ನೆರೆಯವಳಿಗೆ ಶೋಕಗೀತೆಯನ್ನು ಕಲಿಸಿರಿ ಎನ್ನುತ್ತಾನೆ. ಅವ್ವ ನನಗೆ ಕಲಿಸಬೇಕಾಗಿದ್ದ ವಿದ್ಯೆ ಅದು. ನಾನು ಅವಳ ಬಾಯಿಗೆ ಸೆರಗು ತುರುಕಿದ್ದೆ.

ಅಂದಿನಿಂದ ನಾನು ಸತ್ಯವೇದವನ್ನು, ಅಂದರೆ ಬೈಬಲನ್ನು, ಈ ಒಂದು ಕಣ್ಣಿನಿಂದಲೇ ಮತ್ತೆ ಓದಿದೆ. ಅದರಲ್ಲಿ ಕೀರ್ತನೆಗಳೆಂಬ 150 ಪ್ರಾರ್ಥನಾಗೀತೆಗಳಿವೆ, ಅವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಅಳಲಿನವು. 13ನೆಯ ಕೀರ್ತನೆ ಆರೇ ವಚನಗಳದ್ದು. ಮೊದಲ ಎರಡು ವಚನಗಳಲ್ಲಿಯೇ ‘ಇನ್ನೆಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ. ಮುಂದಿನ ಎರಡು ಬೇಡಿಕೆ, ಕೊನೆಯ ಎರಡು ಭರವಸೆ. ಒಂದೇ ಉಸಿರಿಗೆ ಓದಿದರೆ ಅರ್ಧ ನಿಮಿಷದಲ್ಲಿ ದುಃಖ ಕಳೆದು ಹಾಡು ಬಂದಂತೆ ಕಾಣುತ್ತದೆ. ಆದರೆ ನಾಲ್ಕನೆಯ ವಚನಕ್ಕೂ ಐದನೆಯದಕ್ಕೂ ನಡುವೆ ಎಷ್ಟು ದಿನ ಕಳೆಯಿತೆಂದು ಅಲ್ಲಿ ಬರೆದಿಲ್ಲ. ನನಗೆ ಎರಡು ವರ್ಷ ಬೇಕಾಯಿತು. 88ನೆಯ ಕೀರ್ತನೆಯಲ್ಲಿ ಆ ಐದನೆಯ ವಚನ ಬರುವುದೇ ಇಲ್ಲ. ಇಬ್ರಿಯ (ಹೀಬ್ರೂ) ಮೂಲದಲ್ಲಿ ಅದರ ಕೊನೆಯ ಪದವೇ ಕತ್ತಲೆ. ಅಂಥದ್ದನ್ನು ದೇವಾಲಯದ ಹಾಡುಗಳ ನಡುವೆ ಇಟ್ಟವರು ತಿಳಿಯದೆ ಇಟ್ಟಿರಲಾರರು.

ಪ್ರಲಾಪಗಳ ಗ್ರಂಥವನ್ನು ನೋಡಿ. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟ ಮೇಲಿನ ಗೋಳು ಅದು. ಐದು ಅಧ್ಯಾಯಗಳು, ಮೊದಲ ನಾಲ್ಕು ಇಬ್ರಿಯ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿವೆ. ನಮ್ಮಲ್ಲಿ ಯಾರಾದರೂ ಅಕಾರದಿಂದ ಳಕಾರದವರೆಗೆ ಒಂದೊಂದು ಅಕ್ಷರಕ್ಕೂ ಒಂದೊಂದು ಸಾಲು ಅಳು ಹೊಸೆದಂತೆ. ಮೂರನೆಯ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರು ವಚನ, ಒಟ್ಟು 66. ಬೆಳಗು ಬೆಳಗಿಗೂ ಹೊಸದಾಗುವ ಕೃಪೆಯ ಮಾತು ನಡುವಿನ ಆ ಅಧ್ಯಾಯದಲ್ಲಿದೆ, ಕೊನೆಯಲ್ಲಿ ಇಲ್ಲ. ಗ್ರಂಥ ಮುಗಿಯುವುದು ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಎಂಬ ಅಳುಕಿನಲ್ಲಿ. ಯೆಹೂದ್ಯರು ಸಭಾಮಂದಿರದಲ್ಲಿ ಇದನ್ನು ಓದುವಾಗ ಆ ಕೊನೆಯ ವಚನದಲ್ಲಿ ನಿಲ್ಲಿಸಲಾರದೆ ಹಿಂದಿನ ವಚನವನ್ನು ಮತ್ತೊಮ್ಮೆ ಓದುತ್ತಾರೆ. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ಅವರು ಆ ವಚನವನ್ನು ಅಳಿಸಲಿಲ್ಲ.

‘ಗುಣುಗುಟ್ಟಿದ ಇಸ್ರಾಯೇಲ್ಯರನ್ನು ದೇವರು ದಂಡಿಸಲಿಲ್ಲವೇ?’ ಎಂದು ಸಭೆಯಲ್ಲಿ ಒಬ್ಬರು ನನ್ನನ್ನು ಎಲ್ಲರ ಎದುರಿಗೇ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಬೈಬಲಿನ ಅರಣ್ಯಕಾಂಡದ ಹನ್ನೊಂದನೆಯ ಅಧ್ಯಾಯದಲ್ಲಿದೆ. ಜನರು ಮಾಂಸ ಬೇಕು, ಬಿಟ್ಟುಬಂದ ಐಗುಪ್ತದ (ಈಜಿಪ್ಟಿನ) ಸೌತೆಕಾಯಿ ಬೇಕು ಎಂದು ಡೇರೆಯ ಬಾಗಿಲಲ್ಲಿ ಕೂತು ಒಬ್ಬರಿಗೊಬ್ಬರು ಹೇಳಿಕೊಂಡು ಅತ್ತರು. ದೇವರಿಗೆ ಸಿಟ್ಟು ಬಂತು. ಅದೇ ಅಧ್ಯಾಯದಲ್ಲಿ ಅವರ ನಾಯಕನಾದ ಮೋಶೆಯೂ ದೂರುತ್ತಾನೆ, ಅವರಿಗಿಂತ ಕಟುವಾಗಿ: ಈ ಜನರನ್ನೆಲ್ಲ ನಾನು ಹೆತ್ತೆನೇ, ಹೀಗೇ ನಡೆಸಿಕೊಳ್ಳುವುದಾದರೆ ನನ್ನನ್ನು ಕೊಂದುಬಿಡು. ಅವನಿಗೆ ಶಿಕ್ಷೆಯಾಗಲಿಲ್ಲ. ಹೊರೆ ಹಂಚಿಕೊಳ್ಳಲು 70 ಮಂದಿ ಹಿರಿಯರನ್ನು ದೇವರು ಕೊಟ್ಟನು. ಜನರು ದೇವರ ವಿಷಯವನ್ನು ತಮ್ಮತಮ್ಮಲ್ಲಿ ಆಡಿಕೊಂಡರು, ಮೋಶೆ ದೇವರ ಮುಂದೆಯೇ ಹೋಗಿ ನಿಂತನು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಕಥೆಯೂ ಇದೇ. ಗೆಳೆಯರು ಏಳು ದಿನ ಮಾತಾಡದೆ ಅವನ ಪಕ್ಕದಲ್ಲಿ ಕೂತರು, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ದೇವರ ಪರವಾಗಿ ವಾದ ಮಾಡುತ್ತಲೇ ಹೋದರು. ಕೊನೆಗೆ ದೇವರು ಆ ಗೆಳೆಯರಲ್ಲೊಬ್ಬನಾದ ಎಲೀಫಜನಿಗೆ ಹೇಳಿದ್ದು, ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು. ಹುಟ್ಟಿದ ದಿನವನ್ನೇ ಶಪಿಸಿದವನು ಸರಿ, ದೇವರನ್ನು ಸಮರ್ಥಿಸಿದವರು ತಪ್ಪು!

ನಮ್ಮ ಕನ್ನಡಕ್ಕೆ ಇದು ಮೊದಲಿನಿಂದಲೂ ತಿಳಿದಿದೆ ಎಂದು ನನಗೆ ಅನ್ನಿಸುತ್ತದೆ. ಮೊರೆಯಿಡುವುದು ಎಂದರೆ ಗೋಳು ಹೇಳಿಕೊಳ್ಳುವುದು, ಮೊರೆ ಹೋಗುವುದು ಎಂದರೆ ಆಸರೆ ಬೇಡಿ ಹೋಗುವುದು. ಎರಡಕ್ಕೂ ಒಂದೇ ಪದ. ದಾಸರಲ್ಲಿ ದೇವರನ್ನು ಬೈದು ಭಜಿಸುವ ನಿಂದಾಸ್ತುತಿ ಇದೆ. ಸಂತ ಫಿಲೋಮಿನಾ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲ ಧರ್ಮದವರೂ ಬಂದು ನಿಲ್ಲುತ್ತಾರೆ. ಅಲ್ಲಿ ತುಟಿ ಅಲುಗಿಸುತ್ತಾ ನಿಂತ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಬೈಬಲಿನಲ್ಲಿ ಮಗುವಿಗಾಗಿ ಅತ್ತು ಬೇಡಿದ ಹನ್ನಳ ನೆನಪಾಗುತ್ತದೆ. ಶೀಲೋವಿನ ದೇವಾಲಯದಲ್ಲಿ ಅವಳೂ ಹಾಗೆಯೇ ತುಟಿ ಅಲುಗಿಸಿದಳು, ಯಾಜಕನಾದ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡನು. ದುಃಖವನ್ನು ಗುರುತಿಸಲಾರದ ಹಿರಿಯರು ಅಂದೂ ಇದ್ದರು.

ಇನ್ನು ಕೆಲವರು ಬೇರೆ ರೀತಿಯಲ್ಲಿ ಕೇಳುತ್ತಾರೆ: ಆತ್ಮಿಕವಾಗಿ ಬೆಳೆದವರು ಹೀಗೆಲ್ಲ ಕೇಳುತ್ತಾರೆಯೇ, ಇದು ಎಳೆಯರ ಮಾತಲ್ಲವೇ? ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯ ಆರನೆಯ ಅಧ್ಯಾಯ ಓದಿ. ದೇವರಿಗಾಗಿ ಪ್ರಾಣ ಕೊಟ್ಟವರ ಆತ್ಮಗಳು ಪರಲೋಕದ ಯಜ್ಞವೇದಿಯ ಕೆಳಗಿವೆ. ಅವರಿಗಿಂತ ಬೆಳೆದವರು ಯಾರಿದ್ದಾರೆ? ಅವರು ಕೂಗುವುದೂ ‘ಇನ್ನೆಷ್ಟರವರೆಗೆ’ ಎಂದೇ. ಸೆರೆಯಾದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಕರ್ತನಾದ ಯೇಸು ‘ನಿನ್ನ ಚಿತ್ತದಂತೆಯೇ ಆಗಲಿ’ ಎಂದನಲ್ಲಾ ಎನ್ನುವವರೂ ಇದ್ದಾರೆ. ಹೌದು, ಆದರೆ ಸಂಕಟದ ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂಬ ಬೇಡಿಕೆ ಅದಕ್ಕೆ ಮೊದಲು ಬಂತು, ಮತ್ತು ಅವನು ಮೂರು ಸಲ ಹೋಗಿ ಪ್ರಾರ್ಥಿಸಿದನು. ಶಿಲುಬೆಯ ಮೇಲೆ 22ನೆಯ ಕೀರ್ತನೆಯ ಮೊದಲ ಸಾಲನ್ನೇ ಕೂಗಿದನು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ? ಆ ಕೀರ್ತನೆ ಸ್ತುತಿಯಲ್ಲಿ ಮುಗಿಯುತ್ತದೆ, ಆದ್ದರಿಂದ ಅವನ ಮನಸ್ಸಿನಲ್ಲಿ ಇದ್ದದ್ದು ಸ್ತುತಿಯೇ ಎಂದು ಬೋಧಿಸುವವರಿದ್ದಾರೆ. ನನಗೆ ಒಪ್ಪಿಗೆಯಾಗುವುದಿಲ್ಲ. ಅವನು ಹೇಳಿದ್ದು ಮೊದಲ ಸಾಲನ್ನು. ಶುಭ ಶುಕ್ರವಾರದ ಆರಾಧನೆಯಲ್ಲಿ ಅವನು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುವಾಗ ಈ ನಾಲ್ಕನೆಯ ಮಾತಿಗೆ ಬಂದ ಕೂಡಲೇ ನಾವು ಅವಸರ ಪಡುತ್ತೇವೆ. ಸ್ವಲ್ಪ ಹೊತ್ತು ಅವನನ್ನು ಅಲ್ಲಿಯೇ ಇರಗೊಡಬೇಕು.

ನನ್ನಲ್ಲಿ ಏನಾದರೂ ಬೆಳೆದಿದ್ದರೆ ಅದು ಇಷ್ಟೇ: ಅಳುವವರ ಪಕ್ಕದಲ್ಲಿ ವಚನ ಹೇಳದೆ ಕೂರುವುದನ್ನು ಕಲಿತಿದ್ದೇನೆ. ನನ್ನ ಅಳುವಿಗೆ ಬಾಗಿಲು ಹಾಕಿಕೊಂಡಿದ್ದಾಗ ಬೇರೆಯವರ ಅಳು ನನಗೆ ಸಹಿಸಲಾಗುತ್ತಿರಲಿಲ್ಲ.

ಹೇಗೆ ಶುರು ಮಾಡಲಿ ಎನ್ನುವವರಿಗೆ: 13ನೆಯ ಕೀರ್ತನೆಯನ್ನು ಬಾಯಿಬಿಟ್ಟು ಓದಿ, ಶತ್ರು ಎಂದಿರುವ ಕಡೆ ನಿಮ್ಮ ಕಾಯಿಲೆಯ ಹೆಸರನ್ನೋ ಸಾಲದ ಮೊತ್ತವನ್ನೋ ಹೇಳಿ. ನಾಲ್ಕನೆಯ ವಚನಕ್ಕೆ ನಿಲ್ಲಬೇಕೆನಿಸಿದರೆ ಅಲ್ಲಿಗೇ ನಿಲ್ಲಿಸಿ, ನಾಳೆ ಮತ್ತೆ ಮೊದಲಿನಿಂದ ಓದಿ. ನಿದ್ದೆಯೇ ಬರುತ್ತಿಲ್ಲ, ಸಾಯುವ ಯೋಚನೆ ಬರುತ್ತಿದೆ ಎಂದಾದರೆ ಮನೆಯವರಿಗೆ ಹೇಳಿ ಇಂದೇ ವೈದ್ಯರ ಹತ್ತಿರ ಹೋಗಿ. ಪ್ರಾರ್ಥನೆ ಅದಕ್ಕೆ ಅಡ್ಡಿ ಬರುವುದಿಲ್ಲ.

ಕಳೆದ ನವೆಂಬರ್ 2ರಂದು, ಸತ್ತವರನ್ನು ನೆನೆಯುವ ದಿನ, ಅವ್ವನನ್ನು ತಮ್ಮನ ಸಮಾಧಿಗೆ ಕರೆದುಕೊಂಡು ಹೋದೆ. ಹುಲ್ಲು ಕಿತ್ತು, ಕಲ್ಲು ತೊಳೆದು, ಸೇವಂತಿಗೆ ಇಟ್ಟೆವು. ಅವತ್ತಿನ ಹಾಡನ್ನು ಒಮ್ಮೆ ಹಾಡು ಅವ್ವಾ, ಬರೆದುಕೊಳ್ಳುತ್ತೇನೆ ಎಂದೆ. “ಅದು ಕರೆದರೆ ಬರುವುದಿಲ್ಲ ಕಣವ್ವಾ. ಅವತ್ತು ಬಂದಿತ್ತು, ನೀನು ಬೇಡ ಎಂದೆ” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ನಾನು ತಪ್ಪಾಯಿತು ಎಂದೆ. ಅವ್ವ ಏನೂ ಹೇಳದೆ ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ ಹಾಡಿನಲ್ಲಲ್ಲ, ಎದುರಿಗೆ ಇರುವವರ ಹತ್ತಿರ ಮಾತಾಡಿದ ಹಾಗೆ, “ಯೇಸಪ್ಪಾ, ಇನ್ನೂ ಹೇಳಲಿಲ್ಲ ನೀನು” ಎಂದಳು. ಗಾಳಿಗೆ ಮೇಣದಬತ್ತಿ ಆರುತ್ತಿತ್ತು. ನಾನು ಎರಡೂ ಕೈ ಅಡ್ಡ ಹಿಡಿದು ಕೂತೆ, ಅವ್ವ ಮಾತಾಡುತ್ತಲೇ ಇದ್ದಳು.